ಸಣ್ಣಬೇಲೆಯ ಕೊಪ್ಪರಿಗೆಗೆ ಚಾಂದಬಿ ಕಲಾಯಿ ಹಾಕಿದ್ದು

ಧಾರವಾಡದ ಲಕಮನಹಳ್ಳಿಗೆ ಹೋಗಿ ಕಲಾಯಿ ಚಾಂದಬಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುವುದಿಲ್ಲ. “ಮೂಗು ಹೇಳಿದ ಕಡಿ ಹೋಗ್ರಿ” ಎನ್ನುತ್ತಾರೆ. ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದಾಗ ಏಳುವ ಬಿಳಿ ಹೊಗೆಗೆ ಮೂಗು ಸುಡುವ ಘಾಟು. ಅದನ್ನು ಹಿಡಿದು ನಡೆದರೆ ಒಂದು ತಗಡಿನ ಚಪ್ಪರ, ಅದರ ಕೆಳಗೆ ಇದ್ದಿಲಿನ ಕುಳಿ, ಕುಳಿಯ ಮುಂದೆ ಸೆರಗನ್ನು ಸೊಂಟಕ್ಕೆ ಬಿಗಿದು ಕೂತ ಐವತ್ತೆಂಟರ ಚಾಂದಬಿ. ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿದು ಬೆಳ್ಳಿಯ ಹಾಗೆ ಹೊಳೆಯಿಸಿ ಕೊಡುವುದು ಅವಳ ಕೆಲಸ. ಬಳಿಯದಿದ್ದರೆ ಅಡುಗೆ ಕಿಲುಬು ಹಿಡಿದು ಉಂಡವರ ಹೊಟ್ಟೆ ಕೆಡುತ್ತದೆ. ಸ್ಟೀಲು ಬಂದ ಮೇಲೆ ಮನೆಗಳಲ್ಲಿ ತಾಮ್ರ ಎಲ್ಲಿ ಉಳಿದಿದೆ ಹೇಳಿ! ಆದರೂ ಹುಬ್ಬಳ್ಳಿಯ ಬಿರಿಯಾನಿ ಹೋಟೆಲುಗಳ ದೇಗುಗಳು, ನವನಗರದ ಕಲ್ಯಾಣ ಮಂಟಪಗಳ ಹಂಡೆಗಳು ಅವಳ ಒಲೆಯನ್ನು ಆರಲು ಬಿಟ್ಟಿಲ್ಲ.

ಮುಗದದ ಭತ್ತದ ಗದ್ದೆಗಳಲ್ಲಿ ಕಳೆ ಕೀಳುತ್ತ ಬೆಳೆದ ಹುಡುಗಿ ಹತ್ತೊಂಬತ್ತನೇ ವಯಸ್ಸಿಗೆ ಅಬ್ದುಲಮಜೀದನನ್ನು ಮದುವೆಯಾಗಿ ಈ ಚಪ್ಪರಕ್ಕೆ ಬಂದಳು. ಕೈಯ ಮೆಹಂದಿ ಮಾಸುವ ಮೊದಲೇ ಅತ್ತೆ ತಿದಿಯ ಹಿಡಿಕೆಯನ್ನು ಆ ಕೈಗೆ ಕೊಟ್ಟಳು. ಅಂದಿನಿಂದ ಗಂಡ ತವರ ಬಳಿದ, ಹೆಂಡತಿ ಗಾಳಿ ಊದಿದಳು. ಮೂರು ವರ್ಷದ ಹಿಂದೆ ಮಜೀದನ ಎದೆ ಕೈಕೊಟ್ಟಿತು. ಆಯುಷ್ಯವಿಡೀ ಹೊಗೆ ಕುಡಿದ ಶ್ವಾಸಕೋಶ ಇನ್ನೆಷ್ಟು ದುಡಿದೀತು? ಅವನು ಮಂಚಕ್ಕೆ ಹೋದ, ಅವಳು ಕುಳಿಯ ಮುಂದಕ್ಕೆ ಬಂದಳು. ತಿದಿಯ ಜಾಗದಲ್ಲಿ ಕರೆಂಟಿನ ಫ್ಯಾನು ಬಂತು. ಮಜೀದ ಮಲಗಿದಲ್ಲಿಂದಲೇ “ತವರ ಜಾಸ್ತಿ ಆತು, ಉರಿ ಕಡಿಮಿ ಮಾಡು” ಎಂದು ಹುಕುಂ ಬಿಡುವನು. ಅವಳು “ಮಂಚದ ಮ್ಯಾಲಿಂದ ಕಲಾಯಿ ಹಾಕೋರನ್ನ ಇವತ್ತ ನೋಡಿದೆ ನೋಡ್ರಿ” ಎಂದು ನಗುವಳು.

ಚಾಂದಬಿಗೆ ಒಂದು ಚಟವಿತ್ತು. ಗಿರಾಕಿ ಹೇಳಿದಷ್ಟಕ್ಕೇ ಯಾವ ಕೆಲಸವನ್ನೂ ಅವಳು ನಿಲ್ಲಿಸಳು. ಒಳಗೆ ತವರ ಬಳಿಯಲು ಕೊಟ್ಟ ಹಂಡೆಯ ಹೊರಮೈಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವಳು, ತಗ್ಗಿದ್ದರೆ ಬಡಿದು ಎಬ್ಬಿಸುವಳು, ಗೀರಿದ್ದರೆ ಉಜ್ಜಿ ನುಣ್ಣಗೆ ಮಾಡುವಳು. ಗಿರಾಕಿಗಳು ಪಾತ್ರೆಯನ್ನು ಒಯ್ಯಲು ಬಂದು “ಇದು ನಮ್ಮದ ಹೌದಲ್ಲೋ?” ಎಂದು ಸುತ್ತು ಹಾಕಿ ನೋಡುವಾಗ ಅವಳ ಮುಖ ನೋಡಬೇಕು! ಪಾಪ, ಅದೊಂದು ಸುಖ ಅವಳಿಗೆ. ಆ ಸುಖವೇ ಹೋದ ವರ್ಷ ಶ್ರಾವಣದಲ್ಲಿ ಅವಳ ಕುತ್ತಿಗೆಗೆ ಬಂತು.

ಅಂಕೋಲೆಯಿಂದ ಆಚೆ, ಕಡಲ ದಂಡೆಗೆ ಸಣ್ಣಬೇಲೆ ಎಂಬ ಮೀನುಗಾರರ ಊರಿದೆ. ಅಲ್ಲಿ ಊರಿಗೆಲ್ಲ ಸೇರಿದ ಒಂದು ತಾಮ್ರದ ಕೊಪ್ಪರಿಗೆ. ಇಬ್ಬರು ಒಳಗಿಳಿದು ಕೂರಬಹುದು, ಅಷ್ಟು ದೊಡ್ಡದು. ಹಿಂದೆ ಬಲೆಗಳೆಲ್ಲ ಹತ್ತಿಯ ನೂಲಿನವು; ಉಪ್ಪುನೀರಿಗೆ ಕೊಳೆಯದಿರಲೆಂದು ಮರದ ತೊಗಟೆಯ ಚೊಗರಿನಲ್ಲಿ ಅವನ್ನು ಕುದಿಸುತ್ತಿದ್ದರು. ಅದಕ್ಕೆಂದು ಮಾಡಿಸಿದ್ದು ಈ ಕೊಪ್ಪರಿಗೆ. ನೈಲಾನು ಬಂದು ಬಲೆ ಕುದಿಸುವ ಕೆಲಸ ನಿಂತಾಗ ಗುಜರಿಗೆ ಹಾಕಲು ಊರಿಗೆ ಮನಸ್ಸು ಬರಲಿಲ್ಲ. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಕೊಟ್ಟು ದೋಣಿ ಇಳಿಸುವ ದಿನ, ಊರಿಗೆಲ್ಲ ಅದರಲ್ಲೇ ಮಡಗಣೆ ಪಾಯಸ ಮಾಡುವುದೆಂದು ಹಿರಿಯರು ಕಟ್ಟಳೆ ಮಾಡಿದರು. ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲು. ಉಣ್ಣುವ ಪಾತ್ರೆಯಾದ ಮೇಲೆ ಕಲಾಯಿ ಬೇಕಲ್ಲ? ಆಗ ಇಪ್ಪತ್ತೈದರ ಹರೆಯದ ಅಬ್ದುಲಮಜೀದ ಚೀಲ ಹೊತ್ತು ಘಟ್ಟ ಇಳಿದ. ಅಲ್ಲಿಂದ ಮುಂದೆ ಪ್ರತಿವರ್ಷ ಹುಣ್ಣಿಮೆಗೆ ನಾಲ್ಕು ದಿನ ಮೊದಲು ಹೋಗಿ, ಕಲಾಯಿ ಮುಗಿಸಿ, ಹಬ್ಬದ ಊಟಕ್ಕೂ ನಿಲ್ಲದೆ ಹತ್ತಿ ಬರುತ್ತಿದ್ದ. ಎದೆ ಕೆಟ್ಟ ಮೇಲೂ ಎರಡು ವರ್ಷ ಹಟ ಹಿಡಿದು ಹೋದ.

ಹೋದ ವರ್ಷ ಆಗಲಿಲ್ಲ. ಹುಣ್ಣಿಮೆಗೆ ಎಂಟು ದಿನ ಇದೆ ಎನ್ನುವಾಗ ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದ, ಮೂಗಿಗೆ ನಳಿಕೆ ಹಾಕಿದರು. ಸಣ್ಣಬೇಲೆಯ ಮುಖಂಡ ವಾಮನ ಹರಿಕಂತ್ರ ಸುದ್ದಿ ತಿಳಿದು, ಸಾಬರು ಬರಲಾರದಿದ್ದರೆ ಕೊಪ್ಪರಿಗೆಯೇ ಸಾಬರ ಮನೆಗೆ ಹೋಗಲಿ ಎಂದ. ದಿನಾ ಹುಬ್ಬಳ್ಳಿಗೆ ಮೀನು ತರುವ ಫಾರೂಕನ ಟೆಂಪೋದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ ಕೂತು ಕೊಪ್ಪರಿಗೆ ಲಕಮನಹಳ್ಳಿಗೆ ಬಂತು. ಓಣಿಯ ಬೆಕ್ಕುಗಳೆಲ್ಲ ಅದರ ಹಿಂದೆ ಬಂದವು.

ಚಾಂದಬಿ ಆ ಕೊಪ್ಪರಿಗೆಯನ್ನು ಕಂಡದ್ದು ಅದೇ ಮೊದಲು. ಗಂಡನ ಬಾಯಲ್ಲಿ ಮೂವತ್ತೆಂಟು ವರ್ಷ ಕೇಳಿದ್ದ ಹೆಸರು, ಈಗ ತನ್ನ ಅಂಗಳದಲ್ಲಿ. ಆಸ್ಪತ್ರೆಗೆ ಬುತ್ತಿ ಕೊಟ್ಟು ಬರುವುದು, ಕೆಲಸಕ್ಕೆ ಕೂರುವುದು, ಹೀಗೆ ಮೂರು ದಿನ ಅವಳು ಮೈ ಮುರಿದು ದುಡಿದಳು. ಕೊಪ್ಪರಿಗೆಯೊಳಗೆ ತಾನೇ ಇಳಿದು, ಮರಳು ಹಾಕಿ, ಅಂಚು ಹಿಡಿದುಕೊಂಡು ಕಾಲಿನಿಂದ ತಿರುತಿರುಗಿ ತಿಕ್ಕಿದಳು. ಈ ವಯಸ್ಸಿನಲ್ಲಿ ಇವಳ ಕುಣಿತ ನೋಡಲು ಓಣಿಯೇ ನೆರೆಯಿತು. ಕೊಪ್ಪರಿಗೆಯ ಕಂಠದ ಒಳಸುತ್ತು ಮಾತ್ರ ಮಸಿ ಹಿಡಿದು ಒರಟಾಗಿತ್ತು. ಮೊಳೆಯಿಂದ ಕೆರೆದಂಥ ಗೀರುಗಳು, ಚುಕ್ಕಿಗಳು. “ಯಾರ ಮಕ್ಕಳು ಆಟಾ ಆಡ್ಯಾವೋ, ಇಂಥಾ ತಾಮ್ರಕ್ಕ!” ಎಂದು ಬೈದುಕೊಳ್ಳುತ್ತ ಅರ್ಧ ದಿನ ಅದನ್ನು ಸುತ್ತಿಗೆಯಿಂದ ತಟ್ಟಿ, ಉಸುಕಿನ ಕಾಗದದಿಂದ ಉಜ್ಜಿ, ಕನ್ನಡಿ ಮಾಡಿದಳು. ಆಮೇಲೆ ಅಂಚಿನವರೆಗೂ ತವರ ಬಳಿದಳು.

ಹುಣ್ಣಿಮೆಗೆ ಎರಡು ದಿನ ಇರುವಾಗ ಮಜೀದನನ್ನು ಮನೆಗೆ ಕಳಿಸಿದರು. ಆಟೋ ಇಳಿದವನನ್ನು ಅವಳು ನೇರ ಅಂಗಳಕ್ಕೆ ನಡೆಸಿದಳು. ಹೊಗಳಿಕೆ ಬೇಕಾಗಿತ್ತು ಅವಳಿಗೆ, ಸುಳ್ಳೇಕೆ? ಮಜೀದ ಒಳಮೈ ನೋಡಿ ತಲೆ ಆಡಿಸಿದ. ಆಮೇಲೆ ಅಭ್ಯಾಸಬಲದಿಂದ ಅವನ ಹೆಬ್ಬೆರಳು ಕಂಠದ ಒಳಸುತ್ತಿಗೆ ಹೋಯಿತು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಅವನು ಕೆಳಗೆ ಕೂತ.

“ಚಾಂದಬಿ, ಇಲ್ಲೆ ಗುರುತು ಇದ್ದವಲಾ?”

“ಗೀರು ಇದ್ದವರಿ. ತಗದೆ. ಯಾಕ್ರಿ?”

“ಗೀರಲ್ಲ ಅವು. ಸಮುದ್ರದಾಗ ಹೋದವರು.”

ಸಿಕ್ಕಿದಷ್ಟು ಉಸಿರಿನಲ್ಲಿ ಅವನು ಹೇಳಿದ. ಸಣ್ಣಬೇಲೆಯಲ್ಲಿ ಮನೆಗೊಂದು ಗುರುತಿದೆ. ಓದು ಬರಹ ಇಲ್ಲದ ಕಾಲದಿಂದ ಬಂದದ್ದು. ದೋಣಿಯ ಮೂತಿಗೆ, ಬಲೆಯನ್ನು ತೇಲಿಸುವ ಬೆಂಡುಗಳಿಗೆ ಅದನ್ನೇ ಹಾಕುತ್ತಾರೆ. ಒಂದು ಮನೆಗೆ ಮೀನಿನ ಬಾಲ, ಒಂದಕ್ಕೆ ಗಾಳ, ಒಂದಕ್ಕೆ ಮೂರು ಚುಕ್ಕಿ. ಆ ಮನೆಯವನು ಯಾರಾದರೂ ಕಡಲಿಗೆ ಹೋಗಿ ಮರಳದಿದ್ದರೆ, ಹೆಣವೂ ಸಿಗದಿದ್ದರೆ, ಕೊಪ್ಪರಿಗೆಯ ಕಂಠದಲ್ಲಿ ಅವನ ಮನೆಯ ಗುರುತು ಕೊರೆಯುತ್ತಾರೆ. ಮಸಣದಲ್ಲಿ ಜಾಗ ಸಿಗದವನಿಗೆ ಊಟದ ಪಾತ್ರೆಯಲ್ಲಿ ಜಾಗ. ಒಟ್ಟು ಮೂವತ್ತೊಂದು ಇದ್ದವು.

“ನನಗ್ಯಾಕ ಹೇಳಲಿಲ್ಲರಿ ನೀವು?” ಎಂದಳು ಚಾಂದಬಿ. ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ.

“ನೀ ಹಾಕತೀ ಅಂತ ಯಾರಿಗೆ ಗೊತ್ತಿತ್ತು?”

ಅದೂ ನಿಜವೇ. ತಪ್ಪು ಯಾರದು ಎಂದು ಹುಡುಕಿದರೆ ಸಿಗುವುದು ಬರೀ ಒಳ್ಳೆಯ ಕೆಲಸ. ಅವಳಿಗೆ ಆ ರಾತ್ರಿಯ ಊಟ ಸೇರಲಿಲ್ಲ. ಮೂವತ್ತೊಂದು ಮನೆಯ ಗಂಡಸರನ್ನು ತನ್ನ ಕೈಯಾರೆ ಎರಡನೇ ಸಲ ಮುಳುಗಿಸಿದೆನೆಂದೇ ಅವಳಿಗೆ ಅನಿಸಿತು.

ಮಾರನೇ ದಿನ ಫಾರೂಕ ಕೊಪ್ಪರಿಗೆ ಒಯ್ಯಲು ಬಂದ. ವಿಷಯ ಕೇಳಿ ಅವನೂ ತಲೆ ಕೆರೆದುಕೊಂಡ. “ಚಾಚಿ, ನೀವು ಸುಮ್ಮನ ಇರ್ರಿ. ಯಾಸಿಡ್ ತಿಂದತು ಅಂತ ನಾ ಹೇಳತೇನಿ. ನಿಮ್ಮ ಮುಖಾನರ ಅವರು ಎಲ್ಲೆ ನೋಡ್ಯಾರ?”

ಚಾಂದಬಿ ಕಂಠದ ನುಣುಪನ್ನೊಮ್ಮೆ ನೋಡಿದಳು. ಆಸೆಯಾಗಲಿಲ್ಲ ಎಂದರೆ ಅವಳ ಮೇಲೆ ನಾನು ಇಲ್ಲದ ದೊಡ್ಡಸ್ತಿಕೆ ಹೊರಿಸಿದಂತೆ. ಆಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಸಣ್ಣ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಬಂದಳು.

“ಅವರ ಅನ್ನಾ ಮೂವತ್ತೆಂಟು ವರ್ಷ ಉಂಡೇವಿ. ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನಿ ಅಂತಾರ. ನಾ ಮುಪ್ಪಿನಾಗ ಅವರ ಮುಂದ ಸುಳ್ಳು ಹೇಳಲೇನು? ನಡಿ, ನಾನ ಬರ್ತೇನಿ.”

“ನಾನೂ” ಎಂಬ ದನಿ ಮಂಚದಿಂದ ಬಂತು. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಮತ್ತೆ ಹೇಳಿದಳು. ಮಜೀದ ಟೊಪ್ಪಿಗೆ ಹಾಕಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಕೂತುಬಿಟ್ಟ. ಕತ್ತೆಗೆ ಬುದ್ಧಿ ಹೇಳಬಹುದು, ಕಲಾಯಿಯವನಿಗೆ ಹೇಳಲಾಗದು ಎಂದು ಅವಳು ಗೊಣಗುತ್ತ ಅವನ ಉಸಿರಿನ ಪಂಪು, ಗುಳಿಗೆ, ಮಫ್ಲರು ತಂದಳು. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಘಟ್ಟ ಇಳಿಯುವಾಗ ಗಾಳಿ ಉಪ್ಪಾಯಿತು. ಚಾಂದಬಿ ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಲ್ಲೇ ಕಟ್ಟಿಕೊಂಡಳು, ಬಿಚ್ಚಿದಳು.

ಸಣ್ಣಬೇಲೆಯಲ್ಲಿ ಅಂದು ಹಬ್ಬದ ಹಿಂದಿನ ದಿನದ ಗಡಿಬಿಡಿ. ದೋಣಿಗಳಿಗೆ ಬಣ್ಣ, ಬಲೆಗಳಿಗೆ ಕೊನೆಯ ಹೊಲಿಗೆ. ದಂಡೆಯ ಚಪ್ಪರದಲ್ಲಿ ಹೆಂಗಸರು ಕಾಯಿ ತುರಿಯುತ್ತ ಕೂತಿದ್ದರು. ಕೊಪ್ಪರಿಗೆ ಇಳಿದ ಕೂಡಲೇ “ಹ್ವಾಯ್, ಬೆಳ್ಳಿ ಬಂತು!” ಎಂದು ಮಕ್ಕಳು ಕೂಗಿದವು. ವಾಮನ ಎರಡೂ ಕೈ ಮುಗಿದು ಎದುರು ಬಂದ. ಅವನು ಬಾಯಿ ತೆರೆಯುವ ಮೊದಲೇ ಚಾಂದಬಿ ಹೇಳಿಬಿಟ್ಟಳು. ಕಟ್ಟಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

“ನಾ ಹಾಳು ಮಾಡೇನ್ರಿ. ಕಂಠದಾಗಿನ ಗುರುತು ಎಲ್ಲಾ ಅಳಿಸೇನಿ. ಗೀರು ಅಂದ್ಕೊಂಡೆ. ನಿಮ್ಮ ಮನಿ ಮಂದಿ ಅಂತ ನನಗ ಗೊತ್ತಿದ್ದಿಲ್ಲ.”

ಕಾಯಿ ತುರಿಯುವ ಸದ್ದು ನಿಂತಿತು. ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು. ಬೈಗುಳ ಬಿದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು, ಯಾರೂ ಬೈಯಲಿಲ್ಲ. ಜಾನಕಿ ಎಂಬ ಹೆಂಗಸು ಬಂದಳು, ಅರವತ್ತರ ಆಸುಪಾಸು, ಒಂಬತ್ತು ವರ್ಷದ ಹಿಂದೆ ಅವಳ ಒಬ್ಬನೇ ಮಗ ಕಡಲ ಪಾಲಾಗಿದ್ದ. ನೋಡದೆಯೇ ಅವಳ ಬೆರಳು ಕಂಠದ ಒಂದು ಜಾಗಕ್ಕೆ ಹೋಯಿತು. ಅಲ್ಲಿ ನುಣುಪು. ಅವಳು ಮುಖ ತಿರುಗಿಸಿ ಮನೆ ಕಡೆ ನಡೆದುಬಿಟ್ಟಳು. ಚಾಂದಬಿ ಕೊಪ್ಪರಿಗೆಯ ಪಕ್ಕ ಮರಳಿನ ಮೇಲೆ ಕೂತಳು.

ಹರೆಯದವರು ಫೋನು ತೆಗೆದರು. ಹತ್ತು ವರ್ಷದ ಹಬ್ಬದ ಫೋಟೋಗಳು ಅವರ ಹತ್ತಿರ ಇದ್ದವು: ಕೊಪ್ಪರಿಗೆಯ ಮುಂದೆ ಹಲ್ಲು ಕಿಸಿದವರು, ಸೌಟು ಹಿಡಿದವರು, ಪಾಯಸದ ಬಟ್ಟಲು. ಕಂಠದ ಒಳಸುತ್ತು ಒಂದರಲ್ಲೂ ಇರಲಿಲ್ಲ, ಎಲ್ಲ ಹಬೆಯಲ್ಲಿ ಮುಚ್ಚಿತ್ತು. ಸಾವಿರ ಫೋಟೋ ತೆಗೆದೂ ನೋಡಬೇಕಾದ್ದನ್ನು ನೋಡದಿರುವುದು ನಮ್ಮ ಕಾಲದ ವಿದ್ಯೆ.

ಅಷ್ಟರಲ್ಲಿ ಜಾನಕಿ ಮರಳಿ ಬಂದಳು. ಕೈಯಲ್ಲಿ ಬಲೆಯಿಂದ ಬಿಚ್ಚಿದ ಒಂದು ಹಳೇ ಬೆಂಡು. ಅದರ ಮೇಲೆ ಸುಟ್ಟು ಬರೆದ ಗಾಳದ ಗುರುತು. ನೇರ ಚಾಂದಬಿಯ ಮುಂದೆ ಕೂತು ಅದನ್ನು ಅವಳ ಮಡಿಲಲ್ಲಿಟ್ಟಳು.

“ನನ್ ಮಗಂದು ಇದು. ಅಳಿಸ್ದವ್ರೇ ಬರೀರಿ ಅಕ್ಕ. ಹೋದ್ ಸಲ ಬರ್ದವ್ರು ಕೈ ನಡುಗಿಸ್ಕಂಡು ಸೊಟ್ಟ ಬರ್ದಿದ್ರು. ಈ ಸಲ ಲಾಯ್ಕ್ ಮಾಡಿ ಬರೀರಿ.”

ಚಾಂದಬಿಗೆ ಆ ಕ್ಷಣ, ಕೆಡಿಸಿದ ಕೈಗೇ ಮತ್ತೆ ಕೆಲಸ ಕೊಡುತ್ತಿದ್ದ ತನ್ನ ತಾಯಿ ನೆನಪಾದಳು ಎಂದರೆ ಹೆಚ್ಚಲ್ಲ. ಅವಳು ಬೆಂಡನ್ನು ಕಣ್ಣಿಗೊತ್ತಿಕೊಂಡು ಉಳಿ ತೆಗೆದಳು. ಬೆಳ್ಳಗಿನ ತವರ ಸೀಳಿ ಒಳಗಿನ ತಾಮ್ರ ಕೆಂಪಾಗಿ ಮೇಲೆ ಬಂತು. ಗಾಳ ಸ್ಪಷ್ಟವಾಗಿ ಮೂಡಿತು. ಜಾನಕಿ ಬೆರಳಾಡಿಸಿ ನೋಡಿ “ಹಾಂ” ಎಂದಳು, ಅಷ್ಟೇ. ಆದರೆ ಹಾಗೆಂದವಳು ಅಲ್ಲೇ ಅವಳ ಪಕ್ಕ ಉಳಿದಳು.

ಆಮೇಲೆ ಸಾಲು ಹತ್ತಿತು. ಬೆಂಡು ತಂದರು, ಹುಟ್ಟು ತಂದರು, ಒಬ್ಬಳು ಅಜ್ಜಿ ಗಂಡನ ದೋಣಿಯ ಮೂತಿಯ ಹಲಗೆಯನ್ನೇ ಮೊಮ್ಮಗಳ ಕೈಲಿ ಹೊರಿಸಿಕೊಂಡು ಬಂದಳು. ಪ್ರತಿ ಗುರುತಿಗೂ ಒಂದು ಕತೆ. ಇವನು ಹಾಡುತ್ತಿದ್ದ, ಇವನಿಗೆ ಕೋಪ ಜಾಸ್ತಿ, ಇವನು ಮದುವೆಯ ಮಾರನೇ ವಾರ ಹೋದ. ಯಾವುದು ಎಲ್ಲಿತ್ತು ಎಂಬುದಕ್ಕೆ ಜಗಳವಾದಾಗ ಕುರ್ಚಿಯಲ್ಲಿ ಕೂತ ಮಜೀದ ಬೆರಳು ಎತ್ತಿ ತೋರಿಸುತ್ತಿದ್ದ. ಹೊತ್ತು ಇಳಿಯುವಷ್ಟರಲ್ಲಿ ಇಪ್ಪತ್ತೇಳು ಆದವು.

ಅಲ್ಲಿಗೆ ಸಾಲು ಮುಗಿಯಿತು. ವಾಮನ ನಿಟ್ಟುಸಿರು ಬಿಟ್ಟ. “ಇನ್ ನಾಕ್ ಇದ್ದಿತ್ತು. ಹಳೇವು, ಸವ್ದ್ ಹೋಗಿದ್ದು. ಆ ಮನೆಗಳಲ್ಲಿ ಯಾರೂ ಉಳ್ದಿಲ್ಲ. ಗುರುತು ಎಂತದು ಅಂತ ನಮ್ಗೂ ಗುತ್ತಿಲ್ಲ ಅಕ್ಕ. ಹೆಸರಂತೂ ನನ್ ಅಪ್ಪ ಹೋದ್ ಮೇಲೆ ಹೇಳೂರೇ ಇಲ್ಲ. ಬಡಿಸುಕೆ ಮೊದ್ಲು ಒಂದೊಂದ್ ಗುರುತಿಗೆ ಒಂದೊಂದ್ ಸೌಟು ಪಾಯ್ಸ ಕಡಲಿಗೆ ಬಿಡ್ತ್ರು, ಹೆಸರು ಕೂಗಿ. ಆ ನಾಕ್ ಜನ್ರಿಗೆ ಮಾತ್ರ ‘ಹೆಸರು ಮರೆತವರಿಗೆ’ ಅಂತ್ಲೇ ಬಿಡುದು. ಇಪ್ಪತ್ತು ವರ್ಷ ಆಯ್ತು.”

ಮಜೀದ ಅವನ ಮುಖ ನೋಡಿದ. “ಮರತೀರಿ?”

“ಹೌದು ಸಾಬ್ರೇ.”

“ನನಗ ಯಾರೂ ಕೇಳಲೇ ಇಲ್ಲಲ್ರಿ!”

ಕೇಳುವುದಾದರೂ ಹೇಗೆ? ಹಬ್ಬದ ದಿನ ಅವನು ಒಮ್ಮೆಯೂ ಅಲ್ಲಿ ಉಳಿದವನಲ್ಲ. ಸೌಟಿನ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಅವನ ಕಸುಬಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ತವರ ಹರಿದು ಗುರುತು ಮುಚ್ಚದಿರಲೆಂದು ಮಜೀದ ಪ್ರತಿವರ್ಷ ಒಂದೊಂದರ ಮೇಲೂ ಒದ್ದೆ ಜೇಡಿಮಣ್ಣಿನ ಬೊಟ್ಟು ಇಡುತ್ತಿದ್ದ. ಒಂದೂ ಬಿಟ್ಟುಹೋಗಬಾರದಲ್ಲ, ಅದಕ್ಕೆ ಮೊದಲ ವರ್ಷ ವಾಮನನ ತಂದೆ ಪಕ್ಕದಲ್ಲಿ ಕೂತು ಹಿಡಿಕೆಯಿಂದ ಶುರು ಮಾಡಿ ಹೆಸರು ಹೇಳಿಕೊಟ್ಟಿದ್ದರು. ಹೊಸ ಗುರುತು ಬಂದಾಗ ಹೊಸ ಹೆಸರು ಸೇರುತ್ತಿತ್ತು. ಬೊಟ್ಟಿಗೊಂದು ಹೆಸರು, ಅದೇ ಅವನ ಲೆಕ್ಕ. ಮಕ್ಕಳು ಮಗ್ಗಿ ಹೇಳುವ ಹಾಗೆ ಅವನಿಗದು ಬಾಯಿಪಾಠ.

ಅವನು ಕುರ್ಚಿಯನ್ನು ಕೊಪ್ಪರಿಗೆಯ ಹತ್ತಿರ ಎಳೆಸಿಕೊಂಡ. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಹಿಡಿಕೆಯ ಬುಡದಲ್ಲಿಟ್ಟ. ಉಸಿರಿಗೊಂದು ಮಾತು.

“ಇಲ್ಲೆ... ಅರ್ಧ ಚಂದ್ರ. ಬೊಮ್ಮಯ್ಯ.”

ಬೆರಳು ಎರಡು ಗೇಣು ಸರಿಯಿತು.

“ಲಂಗರು. ಹೊನ್ನಪ್ಪ... ಇಲ್ಲೆ ಎರಡು ಅಡ್ಡಗೀರು. ಬುದ್ಯಾ. ಸಣ್ಣ ಹುಡುಗ ಇದ್ನಂತ, ನಿಮ್ಮ ತಂದಿ ಹೇಳಿದ್ರು.” ಕೆಮ್ಮು ಬಂತು. ಚಾಂದಬಿ ಪಂಪು ಕೊಟ್ಟಳು, ಬೆನ್ನು ನೀವಿದಳು. ಸಾಕು ಬಿಡಿ ಎಂದು ವಾಮನ ಅಂದರೂ ಅವನು ತಲೆ ಅಲ್ಲಾಡಿಸಿ, ಉಸಿರು ಮರಳುವವರೆಗೂ ಬೆರಳನ್ನು ಆ ಜಾಗದಿಂದ ಕದಲಿಸಲಿಲ್ಲ. “ಕಡೀದು... ಕಾಗಿ ಕಾಲು. ಜಟ್ಟಪ್ಪ.”

ವಾಮನ ಹರಿಕಂತ್ರ, ಅರವತ್ತೈದರ ಗಂಡಸು, ಬಿರುಗಾಳಿಗೆ ಹೆದರದವನು, ಮಜೀದನ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತುಬಿಟ್ಟ. “ನನ್ನಪ್ಪ ಹೇಳ್ದಾಗ ನಾ ಕಿವಿ ಕೊಟ್ಟಿಲ್ಲ ಸಾಬ್ರೇ. ನೀವ್ ಇಟ್ಕಂಡ್ರಿ.”

“ನಿಮ್ಮ ಮಂದಿ ಮ್ಯಾಲ ಕೈ ಇಟ್ಟು ದುಡದೇನಿ” ಎಂದ ಮಜೀದ. “ನಾ ಹ್ಯಾಂಗ ಮರೀಲಿ?”

ಚಾಂದಬಿ ಆ ನಾಲ್ಕನ್ನೂ ಕೊರೆದಳು. ಅವಳು ಗುರುತುಗಳನ್ನು ಅಳಿಸದೆ ಇದ್ದಿದ್ದರೆ ಆ ಮಾತು ಎಂದೂ ಏಳುತ್ತಿರಲಿಲ್ಲ. ಮಜೀದನ ಎದೆಯ ಜೊತೆಗೇ ಆ ನಾಲ್ಕು ಹೆಸರುಗಳೂ ಒಂದು ದಿನ ನಿಂತುಹೋಗುತ್ತಿದ್ದವು. ಇದು ಅವಳಿಗೂ ಹೊಳೆಯಿತು. ಆದರೆ ತಪ್ಪಿಗೆ ಹೂವಿನ ಹಾರ ಹಾಕಿಕೊಳ್ಳುವ ಜಾತಿಯವಳಲ್ಲ ಅವಳು. ಹೊಳೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಲಿನವನಿಗೆ ಶುಕ್ರಿಯಾ ಹೇಳಿದಳು. ಉಳಿಯ ತುದಿ ಒರೆಸಿ ಚೀಲಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಕಡಲಿಗೆ ಕಾಯಿ ಕೊಟ್ಟ ಮೇಲೆ ಕೊಪ್ಪರಿಗೆಯ ಸುತ್ತ ಊರು ನೆರೆಯಿತು. ಹೊರಡುತ್ತೇವೆಂದ ಗಂಡ ಹೆಂಡಿರನ್ನು ಈ ಸಲ ಬಿಟ್ಟವರಾರು? ಮಜೀದನಿಗೆ ದಂಡೆಯಲ್ಲೇ ಕುರ್ಚಿ ಹಾಕಿದರು. ಜಾನಕಿ ಚಾಂದಬಿಯ ಕೈಗೆ ಉದ್ದ ಹಿಡಿಕೆಯ ಸೌಟು ಕೊಟ್ಟು, “ನೀವೇ ಬಿಡಿ ಅಕ್ಕ” ಎಂದಳು. ವಾಮನ ಹೆಸರು ಕೂಗುತ್ತ ಹೋದ, ಚಾಂದಬಿ ಮಂಡಿಯವರೆಗೆ ನೀರಿನಲ್ಲಿ ನಿಂತು ಸೌಟು ಸೌಟಾಗಿ ಬಿಟ್ಟಳು. ಪಾಯಸದ ಬೆಲ್ಲದ ಬಣ್ಣ ಅಲೆಯ ಬಿಳಿಯಲ್ಲಿ ಕಲೆತುಹೋಗುತ್ತಿತ್ತು. ಇಪ್ಪತ್ತೇಳು ಮುಗಿದವು. ಪ್ರತಿವರ್ಷ ದನಿ ತಗ್ಗಿಸುವ ಜಾಗ ಬಂದಾಗ ವಾಮನ ಒಮ್ಮೆ ಮಜೀದನ ಕಡೆ ನೋಡಿದ. ಆಮೇಲೆ ಎದೆ ತುಂಬ ಉಸಿರೆಳೆದು, ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದ.

“ಬೊಮ್ಮಯ್ಯಾ!”

ಜನರೆಲ್ಲ ಒಟ್ಟಿಗೆ ಆ ಹೆಸರನ್ನು ಮತ್ತೆ ಕೂಗಿದರು. ಚಾಂದಬಿ ಸೌಟನ್ನು ತುಂಬಿಕೊಂಡು, ಮನೆಗೆ ಬಹಳ ದಿನದ ಮೇಲೆ ಬಂದವರಿಗೆ ಬಡಿಸುವ ಹಾಗೆ, ಸ್ವಲ್ಪ ಹೆಚ್ಚಾಗಿಯೇ ಬಿಟ್ಟಳು.